ಖಾಲಿ ಉಳಿದ ಗುರುತು: 2016ರ ಅಮೆರಿಕ ಅಧ್ಯಕ್ಷೀಯ ಚುನಾವಣೆ ಮತ್ತು ಮಿಶಿಗನ್ ಮತದಾರರ ಅಪನಂಬಿಕೆ

ಮಾನ್ಯ ಅಧ್ಯಕ್ಷರೆ, ಹಿರಿಯರೆ, ಸ್ನೇಹಿತರೆ,

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಮತ ಹಾಕುವುದೆಂದರೆ ಉದ್ದನೆಯ ಕಾಗದವೊಂದನ್ನು ಕೂತು ತುಂಬುವ ಕೆಲಸ. ಮತಪತ್ರದ ಮೇಲ್ಭಾಗದಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತವರ ಹೆಸರುಗಳಿರುತ್ತವೆ. ಅದರ ಕೆಳಗೆ ಸಂಸತ್ತಿನ ಸದಸ್ಯರು, ರಾಜ್ಯದ ಶಾಸಕರು, ರಾಜ್ಯ ಶಿಕ್ಷಣ ಮಂಡಳಿ, ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ, ನಮ್ಮ ಜಿಲ್ಲೆಯಂಥ ಕೌಂಟಿಯ ಹುದ್ದೆಗಳು, ನ್ಯಾಯಾಧೀಶರು, ಕೊನೆಗೆ ಊರಿನ ಶಾಲಾ ಮಂಡಳಿಯವರೆಗೆ ಪಟ್ಟಿ ಬೆಳೆಯುತ್ತದೆ. ಪ್ರತಿ ಹೆಸರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಒಂದು ಪುಟ್ಟ ಗುರುತು ಇರುತ್ತದೆ. ಬೇಕಾದವರ ಗುರುತನ್ನು ಪೆನ್ನಿನಿಂದ ಪೂರ್ತಿ ಕಪ್ಪು ಮಾಡಿ ಕಾಗದವನ್ನು ಯಂತ್ರಕ್ಕೆ ಕೊಟ್ಟರೆ ಅದು ಓದಿಕೊಳ್ಳುತ್ತದೆ. 2016ರ ನವೆಂಬರ್ 8ರಂದು ಹೀಗೆ ತುಂಬಿದ ಮತಪತ್ರಗಳಲ್ಲಿ 75 ಸಾವಿರಕ್ಕೂ ಹೆಚ್ಚಿನವುಗಳಲ್ಲಿ ಅಧ್ಯಕ್ಷ ಸ್ಥಾನದ ಜಾಗದಲ್ಲಿ ಎಣಿಸಬಹುದಾದ ಗುರುತೇ ಇರಲಿಲ್ಲ. ಆ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಡೊನಾಲ್ಡ್ ಟ್ರಂಪ್ ಅವರು ಡೆಮಾಕ್ರಟಿಕ್ ಪಕ್ಷದ ಹಿಲರಿ ಕ್ಲಿಂಟನ್ ಅವರನ್ನು ಹಿಂದೆ ಹಾಕಿದ್ದು 10,704 ಮತಗಳಿಂದ.

ಆ 75 ಸಾವಿರದಲ್ಲಿ ಒಂದಷ್ಟು ಮಂದಿ ತೆಳುವಾಗಿ ಗೀಚಿದ್ದರಿಂದ ಯಂತ್ರಕ್ಕೆ ಕಾಣದೆ ಹೋಗಿರಬಹುದು. ಒಂದಷ್ಟು ಮಂದಿ ಮರೆತಿರಬಹುದು. ಆದರೂ ಹಿಂದಿನ ಚುನಾವಣೆಗಿಂತ ಈ ಸಂಖ್ಯೆ ಬಹಳ ಹೆಚ್ಚಾಗಿತ್ತು. ಮನೆಯಿಂದ ಹೊರಟು, ಸಾಲಿನಲ್ಲಿ ನಿಂತು, ಶಾಲಾ ಮಂಡಳಿಗೆ ಯಾರು ಬೇಕೆಂದು ಗುರುತು ಮಾಡಿ, ಎಲ್ಲಕ್ಕಿಂತ ಮೇಲಿನ ಸಾಲನ್ನು ಖಾಲಿ ಬಿಟ್ಟು ಬಂದವರನ್ನು ಸೋಮಾರಿಗಳೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅಭ್ಯರ್ಥಿಗಳ ಮೇಲೆ ಅವರಿಗಿದ್ದ ಅಪನಂಬಿಕೆ ಎಲ್ಲಿಂದ ಬಂತು, ಅದರಲ್ಲಿ ನಿಜವೆಷ್ಟು, ಅದು ಮುಂದೆ ಯಾವ ಯಾವ ದಾರಿ ಹಿಡಿಯಿತು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಉದ್ಯಮದಲ್ಲಿ ದುಡಿಯುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಅಲ್ಲಿ ಪಂಪ ಕನ್ನಡ ಕೂಟವೂ ಇದೆ. ಈ ಸಭೆಯಲ್ಲಿರುವ ಕೆಲವರ ಮಕ್ಕಳು, ಅಳಿಯಂದಿರು ಅದೇ ಮತಪತ್ರವನ್ನು ಕೈಯಲ್ಲಿ ಹಿಡಿದಿರಲೂ ಸಾಕು.

ಮೊದಲು ಇಡೀ ದೇಶದ ಚಿತ್ರವನ್ನು ಸ್ವಲ್ಪ ನೋಡೋಣ. ಆ ವರ್ಷ ಮತದಾನದ ಅರ್ಹತೆಯಿದ್ದೂ ಮತ ಹಾಕದವರು ಸುಮಾರು 9 ಕೋಟಿ ಜನ. ಅಮೆರಿಕದ ಜನಗಣತಿ ಇಲಾಖೆ ಪ್ರತಿ ಚುನಾವಣೆಯ ನಂತರ, ಹೆಸರು ನೋಂದಾಯಿಸಿಕೊಂಡಿದ್ದರೂ ಮತಗಟ್ಟೆಗೆ ಬಾರದವರನ್ನು ಕಾರಣ ಕೇಳುತ್ತದೆ. ಅಭ್ಯರ್ಥಿಗಳಾಗಲಿ ಪ್ರಚಾರದ ವಿಷಯಗಳಾಗಲಿ ಹಿಡಿಸಲಿಲ್ಲ ಎಂದವರು 2012ರಲ್ಲಿ ಶೇ 12.7ರಷ್ಟಿದ್ದರು, 2016ರಲ್ಲಿ ಶೇ 24.8ರಷ್ಟಾದರು. ಬಿಡುವಿರಲಿಲ್ಲ, ಕಾಯಿಲೆಯಿತ್ತು, ಊರಲ್ಲಿರಲಿಲ್ಲ ಎಂಬ ಎಂದಿನ ಕಾರಣಗಳನ್ನೆಲ್ಲ ಹಿಂದಿಕ್ಕಿ ಇದೇ ಮೊದಲ ಸ್ಥಾನಕ್ಕೆ ಬಂತು. ಮತದಾನದ ಹೊತ್ತಿಗೆ ಗ್ಯಾಲಪ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಟ್ರಂಪ್ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ ಎಂದವರು ಶೇ 61, ಕ್ಲಿಂಟನ್ ಬಗ್ಗೆ ಹಾಗೆ ಹೇಳಿದವರು ಶೇ 52. ಪ್ರಮುಖ ಪಕ್ಷಗಳ ಇಬ್ಬರು ಅಭ್ಯರ್ಥಿಗಳೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಬೇಡವಾಗಿದ್ದರು. ಮತ ಹಾಕಿ ಹೊರಬಂದವರನ್ನು ಕೇಳಿದಾಗಲೂ ಹತ್ತರಲ್ಲಿ ಆರು ಜನ ಕ್ಲಿಂಟನ್ ಪ್ರಾಮಾಣಿಕರಲ್ಲ ಎಂದರು. ಟ್ರಂಪ್ ಪ್ರಾಮಾಣಿಕರಲ್ಲ ಎಂದವರೂ ಹತ್ತರಲ್ಲಿ ಆರು ಜನರೇ. ಅತ್ತ ದರಿ, ಇತ್ತ ಪುಲಿ.

ಈ ಅಪನಂಬಿಕೆಗೆ ಇಬ್ಬರೂ ತಮ್ಮ ಪಾಲಿನ ಕಾರಣಗಳನ್ನು ಕೊಟ್ಟಿದ್ದರು. ಕ್ಲಿಂಟನ್ ವಿದೇಶಾಂಗ ಸಚಿವೆಯಾಗಿದ್ದಾಗ ಸರ್ಕಾರಿ ಪತ್ರವ್ಯವಹಾರವನ್ನು ಖಾಸಗಿ ಸರ್ವರ್ ಮೂಲಕ ನಡೆಸಿದ್ದರು. 2016ರ ಜುಲೈ 5ರಂದು ಎಫ್‌ಬಿಐ ಮುಖ್ಯಸ್ಥ ಜೇಮ್ಸ್ ಕೋಮಿ ಅವರು ಮೊಕದ್ದಮೆ ಹೂಡುವಂಥ ಅಪರಾಧವಿಲ್ಲವೆಂದರೂ ತೀವ್ರ ಅಜಾಗರೂಕತೆ ನಡೆದಿದೆಯೆಂದರು. ಮತದಾನಕ್ಕೆ ಹನ್ನೊಂದು ದಿನವಿರುವಾಗ ತನಿಖೆಯ ಸುದ್ದಿಯನ್ನು ಮತ್ತೆ ಎಬ್ಬಿಸಿ, ಎರಡು ದಿನವಿರುವಾಗ ಹೊಸದೇನೂ ಸಿಗಲಿಲ್ಲವೆಂದರು. ಗೋಲ್ಡ್‌ಮನ್ ಸ್ಯಾಕ್ಸ್ ಕಂಪನಿಯಲ್ಲಿ ಮಾಡಿದ ಮೂರು ಭಾಷಣಗಳಿಗೆ ಕ್ಲಿಂಟನ್ ಪಡೆದ 6,75,000 ಡಾಲರ್ ಇನ್ನೊಂದು ಮುಳ್ಳು. ಮಿಶಿಗನ್ನಿನ ಕಾರ್ಮಿಕರಿಗೆ ಇವೆರಡಕ್ಕಿಂತ ಹೆಚ್ಚು ಚುಚ್ಚಿದ್ದು ವ್ಯಾಪಾರ ಒಪ್ಪಂದದ ಮಾತು ಎಂದು ನಾನು ತಿಳಿಯುತ್ತೇನೆ. ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ಒಪ್ಪಂದವನ್ನು 2012ರಲ್ಲಿ ಮಾದರಿಯೆಂದು ಹೊಗಳಿದ್ದ ಕ್ಲಿಂಟನ್ 2015ರ ಅಕ್ಟೋಬರಿನಲ್ಲಿ ಅದನ್ನು ವಿರೋಧಿಸಿದರು. 1994ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾದ ಮೇಲೆ ಕಾರ್ಖಾನೆಗಳು ಮೆಕ್ಸಿಕೋ ಕಡೆಗೆ ಹೋದದ್ದನ್ನು ಕಣ್ಣಾರೆ ಕಂಡವರಿಗೆ ಈ ಮಾತು ಚುನಾವಣೆಗೆಂದೇ ಬದಲಾಯಿತೋ ಎಂಬ ಸಂಶಯ ಸಹಜವಾಗಿಯೇ ಬಂತು.

ಟ್ರಂಪ್ ಅವರ ಕಡೆ ನೋಡಿದರೆ, 1970ರ ದಶಕದಿಂದ ನಡೆದುಬಂದಿದ್ದ ಪದ್ಧತಿಯನ್ನು ಮುರಿದು ತಮ್ಮ ಆದಾಯ ತೆರಿಗೆ ವಿವರಗಳನ್ನು ಅವರು ಬಹಿರಂಗಪಡಿಸಲಿಲ್ಲ. ಅವರ ಹೆಸರಿನ 'ವಿಶ್ವವಿದ್ಯಾಲಯ'ದಿಂದ ಮೋಸಹೋದೆವೆಂದು ವಿದ್ಯಾರ್ಥಿಗಳು ಹೂಡಿದ್ದ ಮೊಕದ್ದಮೆಗಳು ಪ್ರಚಾರದುದ್ದಕ್ಕೂ ನಡೆಯುತ್ತಿದ್ದವು. ಗೆದ್ದ ಹತ್ತು ದಿನಕ್ಕೆ 2.5 ಕೋಟಿ ಡಾಲರ್ ಕೊಡಲು ಒಪ್ಪಿ ಅವರು ರಾಜಿ ಮಾಡಿಕೊಂಡರು. ಅಕ್ಟೋಬರ್ 7ರಂದು ಹೊರಬಂದ ಧ್ವನಿಮುದ್ರಣದಲ್ಲಿ ಹೆಣ್ಣುಮಕ್ಕಳ ಬಗ್ಗೆ ಅವರು ಆಡಿದ್ದ ಮಾತುಗಳನ್ನು ಈ ವೇದಿಕೆಯಲ್ಲಿ ಹೇಳಲಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಆ ಅಪನಂಬಿಕೆ ಇಬ್ಬರು ವ್ಯಕ್ತಿಗಳ ಗುಣದೋಷದ ಪ್ರಶ್ನೆಯಷ್ಟೇ ಆದೀತು. ಆದರೆ ಅದು ಅವರಿಗಿಂತ ಹಳೆಯದು. ಸರ್ಕಾರ ಬಹುಮಟ್ಟಿಗೆ ಸರಿಯಾದುದನ್ನೇ ಮಾಡುತ್ತದೆಂದು ನಂಬುವವರು 1958ರಲ್ಲಿ ಅಮೆರಿಕದಲ್ಲಿ ನಾಲ್ವರಲ್ಲಿ ಮೂವರಿದ್ದರು. 2015ರಲ್ಲಿ ಐವರಲ್ಲಿ ಒಬ್ಬರಿಗೆ ಇಳಿದಿದ್ದರು. ಈ ಇಳಿತ ಒಂದು ಊರಿನಲ್ಲಿ ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಮಿಶಿಗನ್ನಿನ ಫ್ಲಿಂಟ್ ನಗರಕ್ಕೆ ಹೋಗಬೇಕು.

ಫ್ಲಿಂಟ್ ಸುಮಾರು ಒಂದು ಲಕ್ಷ ಜನರ ಊರು, ಜನರಲ್ ಮೋಟರ್ಸ್ ಹುಟ್ಟಿದ ಊರು, ಅರ್ಧಕ್ಕಿಂತ ಹೆಚ್ಚು ಕಪ್ಪು ಜನರ ಊರು. ಕಾರ್ಖಾನೆಗಳು ಹೋದ ಮೇಲೆ ನಗರಸಭೆಯ ಬೊಕ್ಕಸ ಬರಿದಾಯಿತು. ಹಾಗಾದ ಊರುಗಳಿಗೆ ರಾಜ್ಯ ಸರ್ಕಾರ ಒಬ್ಬ ತುರ್ತು ಆಡಳಿತಗಾರನನ್ನು ನೇಮಿಸಬಹುದೆಂಬ ಕಾನೂನು ಅಲ್ಲಿತ್ತು. ಆತ ಬಂದರೆ ಜನ ಆರಿಸಿದ ಮೇಯರ್ ಮತ್ತು ಸದಸ್ಯರ ಅಧಿಕಾರವೆಲ್ಲ ಆತನ ಕೈಗೆ ಹೋಗುತ್ತದೆ. ಈ ಕಾನೂನು ಬೇಡವೆಂದು ಮಿಶಿಗನ್ ಜನ ಸಹಿ ಸಂಗ್ರಹಿಸಿದರು. 2012ರ ನವೆಂಬರಿನಲ್ಲಿ, ಒಬಾಮ ಎರಡನೆಯ ಬಾರಿ ಗೆದ್ದ ಅದೇ ದಿನ, ಅದೇ ಮತಪತ್ರದಲ್ಲಿ ಆ ಕಾನೂನನ್ನು ಜನರೇ ತಿರಸ್ಕರಿಸಿದರು. ಎರಡು ತಿಂಗಳು ಕಳೆಯುವುದರೊಳಗೆ, ಡಿಸೆಂಬರ್ ಮುಗಿಯುವ ಮುನ್ನವೇ, ಶಾಸನಸಭೆ ಹೆಚ್ಚುಕಡಿಮೆ ಅದೇ ಕಾನೂನನ್ನು ಮತ್ತೆ ತಂದಿತು. ಜೊತೆಗೆ ಅದರಲ್ಲಿ ಒಂದಷ್ಟು ಹಣ ಮಂಜೂರಾತಿಯನ್ನೂ ಸೇರಿಸಿತು. ಹಣ ಮಂಜೂರಾತಿಯಿರುವ ಕಾನೂನನ್ನು ಜನಮತಕ್ಕೆ ಹಾಕುವಂತಿಲ್ಲವೆಂದು ಆ ರಾಜ್ಯದ ಸಂವಿಧಾನ ಹೇಳುತ್ತದೆ. ಮತ ಹಾಕಿ ಗೆದ್ದ ಜನರಿಗೆ ಆ ಗೆಲುವು ಎರಡು ತಿಂಗಳೂ ಉಳಿಯಲಿಲ್ಲ. ನಾನು ಈ ಸಂಗತಿಯನ್ನು ಮೊದಲ ಬಾರಿ ಓದಿದಾಗ ಪುಟವನ್ನು ಮಗುಚಲಾಗದೆ ಬಹಳ ಹೊತ್ತು ಕೂತಿದ್ದೆ.

2014ರ ಏಪ್ರಿಲ್ 25ರಂದು ತುರ್ತು ಆಡಳಿತದಲ್ಲಿದ್ದ ಫ್ಲಿಂಟ್ ನಗರ, ದುಡ್ಡು ಉಳಿಸುವ ಸಲುವಾಗಿ, ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರನ್ನು ನಿಲ್ಲಿಸಿ ಫ್ಲಿಂಟ್ ನದಿಯ ನೀರನ್ನು ಮನೆಗಳಿಗೆ ಬಿಟ್ಟಿತು. ಕೊಳವೆಗಳು ಕೊರೆಯದಂತೆ ತಡೆಯುವ ರಾಸಾಯನಿಕವನ್ನು ಆ ನೀರಿಗೆ ಸೇರಿಸಲಿಲ್ಲ. ಹಳೆಯ ಸೀಸದ ಕೊಳವೆಗಳು ಸವೆದು ಸೀಸ ನೀರಿಗಿಳಿಯಿತು. ನಲ್ಲಿಯಲ್ಲಿ ಕಂದು ಬಣ್ಣದ ನೀರು ಬರತೊಡಗಿತು, ಮಕ್ಕಳ ಮೈಮೇಲೆ ದದ್ದುಗಳೆದ್ದವು. ಅದೇ ಅಕ್ಟೋಬರಿನಲ್ಲಿ ಜನರಲ್ ಮೋಟರ್ಸ್ ತನ್ನ ಇಂಜಿನ್ ಕಾರ್ಖಾನೆಗೆ ಈ ನೀರು ಬೇಡವೆಂದಿತು, ಏಕೆಂದರೆ ಕಬ್ಬಿಣದ ಬಿಡಿಭಾಗಗಳು ತುಕ್ಕು ಹಿಡಿಯುತ್ತಿದ್ದವು. ಕಾರ್ಖಾನೆಗೆ ಬೇರೆ ನೀರು ಸಿಕ್ಕಿತು. ಊರಿನವರು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಆ ಕಂದು ನೀರನ್ನು ತುಂಬಿಕೊಂಡು ಸಭೆಗಳಿಗೆ ಹೋಗಿ ಅಧಿಕಾರಿಗಳ ಮುಂದೆ ಎತ್ತಿ ಹಿಡಿದರು. ನೀರು ಸುರಕ್ಷಿತವಾಗಿದೆ ಎಂಬ ಉತ್ತರ ಬಂತು. 2015ರ ಮಾರ್ಚಿನಲ್ಲಿ ಡೆಟ್ರಾಯಿಟ್ ನೀರಿಗೇ ಮರಳಬೇಕೆಂದು ನಗರಸಭೆ 7–1ರ ಬಹುಮತದಿಂದ ತೀರ್ಮಾನಿಸಿದರೆ ತುರ್ತು ಆಡಳಿತಗಾರ ಅದನ್ನು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಮಕ್ಕಳ ವೈದ್ಯೆ ಮೋನಾ ಹನ್ನಾ ಅತಿಶಾ ಅವರು, ರಕ್ತದಲ್ಲಿ ಸೀಸ ಹೆಚ್ಚಿರುವ ಪುಟ್ಟ ಮಕ್ಕಳ ಪ್ರಮಾಣ ಸುಮಾರು ಎರಡು ಪಟ್ಟಾಗಿದೆಯೆಂದು ಲೆಕ್ಕ ತೋರಿಸಿದಾಗ ರಾಜ್ಯದ ಅಧಿಕಾರಿಗಳು ಮೊದಲು ಅವರನ್ನೇ ಅನುಮಾನಿಸಿದರು. ಕೆಲವೇ ದಿನಗಳಲ್ಲಿ ಅವರ ಲೆಕ್ಕ ಸರಿಯೆಂದು ಒಪ್ಪಬೇಕಾಯಿತು. ನೀರಿನಲ್ಲಿ ಬೆಳೆಯುವ ಲೀಜನೆಲ್ಲಾ ರೋಗಾಣುವಿನ ನ್ಯುಮೋನಿಯಾಕ್ಕೆ ಆ ಅವಧಿಯಲ್ಲಿ ಕನಿಷ್ಠ 12 ಜನ ಬಲಿಯಾದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ಇದಾದ ಮರುವರ್ಷವೇ ಅಧ್ಯಕ್ಷೀಯ ಚುನಾವಣೆ. 2016ರ ಮಾರ್ಚ್ 6ರಂದು ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಪೈಪೋಟಿಯಲ್ಲಿದ್ದವರ ಚರ್ಚೆ ಫ್ಲಿಂಟ್‌ನಲ್ಲೇ ನಡೆಯಿತು. ಕ್ಲಿಂಟನ್ ಮತ್ತು ಬರ್ನಿ ಸ್ಯಾಂಡರ್ಸ್ ಇಬ್ಬರೂ ನೀರಿನ ಬಗ್ಗೆ ಮಾತನಾಡಿದರು. ಸೆಪ್ಟೆಂಬರಿನಲ್ಲಿ ಟ್ರಂಪ್ ಬಂದು ನೀರು ಶುದ್ಧೀಕರಣ ಘಟಕವನ್ನು ನೋಡಿ ಹೋದರು. ಊರಿನವರು ಅಡುಗೆಗೆ, ಹಲ್ಲುಜ್ಜಲು, ಮಗುವಿನ ಹಾಲಿಗೆ ಬಾಟಲಿ ನೀರನ್ನೇ ಬಳಸುತ್ತ ನವೆಂಬರ್ ತಲುಪಿದರು. ಫ್ಲಿಂಟ್ ಇರುವ ಜೆನೆಸೀ ಕೌಂಟಿಯಲ್ಲಿ 2012ರಲ್ಲಿ ಡೆಮಾಕ್ರಟಿಕ್ ಪಕ್ಷದವರೇ ಆದ ಒಬಾಮ ಸುಮಾರು 57 ಸಾವಿರ ಮತಗಳ ಅಂತರದಿಂದ ಗೆದ್ದಿದ್ದರು. ಕ್ಲಿಂಟನ್ ಅವರಿಗೆ ಅಲ್ಲಿ ಸಿಕ್ಕ ಮುನ್ನಡೆ 19 ಸಾವಿರಕ್ಕಿಂತ ಕಡಿಮೆ. ಈ ಕುಸಿತಕ್ಕೆ ನೀರೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಸರ್ಕಾರ ಕೊಟ್ಟ ಮಾತನ್ನು ಕುಡಿದು ನೋಡಿದ ಜನರಿಗೆ ಇನ್ನೊಂದು ಮಾತನ್ನು ನಂಬಿ ಎಂದು ಹೇಳುವುದು ಯಾವ ಅಭ್ಯರ್ಥಿಗಾದರೂ ಕಷ್ಟವೇ ಆಗಿತ್ತು.

ಇನ್ನು ಆ ಇಬ್ಬರೇ ಮತಪತ್ರದ ಮೇಲೆ ಬಂದದ್ದು ಹೇಗೆ? ಪಕ್ಷದೊಳಗಿನ ಪ್ರೈಮರಿ ಚುನಾವಣೆಗಳಲ್ಲಿ ಕ್ಲಿಂಟನ್ ಸುಮಾರು 1.69 ಕೋಟಿ ಮತಗಳನ್ನೂ ಟ್ರಂಪ್ ಸುಮಾರು 1.4 ಕೋಟಿ ಮತಗಳನ್ನೂ ಪಡೆದರು. ಮತದಾನದ ಅರ್ಹತೆಯಿದ್ದವರು ಸುಮಾರು 23 ಕೋಟಿ. ಎಂದರೆ, ಏಳು ಜನರಲ್ಲಿ ಸುಮಾರು ಒಬ್ಬರು ಆರಿಸಿದ ಇಬ್ಬರಲ್ಲಿ ಒಬ್ಬರನ್ನು ಉಳಿದವರೆಲ್ಲ ಆರಿಸಬೇಕಾಯಿತು. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಅಂತಿಮವಾಗಿ ಆರಿಸುವ ಸಮಾವೇಶದಲ್ಲಿ, ಪ್ರೈಮರಿಯ ಮತಕ್ಕೆ ಬದ್ಧರಾಗದ, ಪಕ್ಷದ ಹಿರಿಯರೇ ತುಂಬಿದ್ದ 'ಸೂಪರ್ ಡೆಲಿಗೇಟ್'ಗಳೂ ಮತ ಹಾಕುತ್ತಿದ್ದರು. ಅವರಲ್ಲಿ ಬಹುಪಾಲು ಮಂದಿ ಮೊದಲಿನಿಂದಲೇ ಕ್ಲಿಂಟನ್ ಕಡೆಗಿದ್ದರು. ಮಿಶಿಗನ್ನಿನಲ್ಲಿ ಸಮೀಕ್ಷೆಗಳೆಲ್ಲ ಕ್ಲಿಂಟನ್ ಬಹಳ ಮುಂದಿದ್ದಾರೆ ಎನ್ನುತ್ತಿದ್ದಾಗ ಮಾರ್ಚ್ 8ರಂದು ಸ್ಯಾಂಡರ್ಸ್ ಗೆದ್ದರು. ಜುಲೈನಲ್ಲಿ ಸೋರಿಕೆಯಾದ ಪಕ್ಷದ ಕಚೇರಿಯ ಇಮೇಲ್‌ಗಳು ಅಲ್ಲಿನವರ ಒಲವು ಕ್ಲಿಂಟನ್ ಕಡೆಗಿತ್ತೆಂದು ತೋರಿಸಿದವು, ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷೆ ರಾಜೀನಾಮೆ ಕೊಟ್ಟರು. ಸೂಪರ್ ಡೆಲಿಗೇಟ್‌ಗಳು ತುರುಸಿನ ಪೈಪೋಟಿಯಿದ್ದಾಗ ಸಮಾವೇಶದ ಮೊದಲ ಸುತ್ತಿನಲ್ಲಿ ಮತ ಹಾಕುವಂತಿಲ್ಲವೆಂದು ಪಕ್ಷ ನಿಯಮ ತಿದ್ದಿದ್ದು 2018ರಲ್ಲಿ. ಅಪನಂಬಿಕೆಗೆ ಪಕ್ಷವೊಂದು ಕೊಟ್ಟ ನೇರ ಉತ್ತರವೆಂದು ನಾನು ಇದನ್ನು ಎಣಿಸುತ್ತೇನೆ.

'ಇವರಾರೂ ಬೇಡ' ಎಂದು ಬಾಯಿಬಿಟ್ಟು ಹೇಳುವ ಅವಕಾಶ ಅಮೆರಿಕದಲ್ಲಿ ನೆವಾಡ ರಾಜ್ಯದವರಿಗಷ್ಟೇ ಇದೆ. ವಾಟರ್‌ಗೇಟ್ ಹಗರಣದ ನಂತರ, 1975ರಲ್ಲಿ, ಅವರು ಈ ಕಾನೂನು ಮಾಡಿಕೊಂಡರು. 2016ರಲ್ಲಿ ಅಲ್ಲಿ 28,863 ಜನ ಅದನ್ನೇ ಆರಿಸಿದರು; ಕ್ಲಿಂಟನ್ ಆ ರಾಜ್ಯವನ್ನು ಗೆದ್ದ ಅಂತರ 27,202. ನಮ್ಮ ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ನೋಟಾ ಕುರಿತು ಕೊಟ್ಟ ತೀರ್ಪಿನಲ್ಲಿ ಇಂಥ ಅವಕಾಶವಿರುವ ಕಡೆಗಳ ಪಟ್ಟಿಯಲ್ಲಿ ನೆವಾಡದ ಹೆಸರೂ ಇದೆ. ಆ ತೀರ್ಪಿನ ಬೆಲೆ ನನಗೆ ತಿಳಿದದ್ದು ಒಬ್ಬ ಮುದುಕನಿಂದ. 2008ರ ವಿಧಾನಸಭಾ ಚುನಾವಣೆಯಲ್ಲಿ ನಾನು ಹಳ್ಳಿಶಾಲೆಯೊಂದರ ಮತಗಟ್ಟೆಯಲ್ಲಿ ಕರ್ತವ್ಯದಲ್ಲಿದ್ದೆ. ಬೆರಳಿಗೆ ಶಾಯಿ ಹಾಕಿಸಿಕೊಂಡ ಆತ, "ಯಾರಿಗೂ ಹಾಕಲ್ಲ ಸ್ವಾಮಿ, ಹಂಗಂತ ಬರ್ಕೊಳ್ಳಿ" ಎಂದ. ಆಗಿನ 49–ಒ ನಿಯಮದಂತೆ 17–ಎ ಎಂಬ ಮತದಾರರ ವಹಿಯಲ್ಲಿ ಆತನ ಹೆಸರಿನ ಮುಂದೆ ಷರಾ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡೆವು. ಎದುರಿನ ಬೆಂಚಿನಲ್ಲಿದ್ದ ಪಕ್ಷಗಳ ಏಜೆಂಟರೆಲ್ಲ ತಲೆಯೆತ್ತಿ ಆತನ ಮುಖವನ್ನು ನೋಡಿಕೊಂಡರು. ಆತ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಯಾರ ಕಡೆಗೂ ನೋಡದೆ ಹೊರಗೆ ನಡೆದ. ಗುಟ್ಟಾಗಿರಬೇಕಾದ ನಿರಾಕರಣೆಯನ್ನು ಊರೆದುರು ಹೇಳಬೇಕಾದ ಸ್ಥಿತಿ ಅದು. ಮಿಶಿಗನ್ನಿನ ಖಾಲಿ ಗುರುತಿನ ಬಗ್ಗೆ ಓದುವಾಗೆಲ್ಲ ಆ ಹೆಬ್ಬೆಟ್ಟು ನೆನಪಾಗುತ್ತದೆ.

ಈಗ ಕಹಿಯಾದ ಒಂದು ಮಾತನ್ನು ಹೇಳಬೇಕು. ಇಬ್ಬರೂ ಇಷ್ಟವಿಲ್ಲ ಎಂದವರು ಆ ದಿನ ಮತ ಹಾಕಿದವರಲ್ಲಿ ಶೇ 18ರಷ್ಟಿದ್ದರು. ಮತದಾನೋತ್ತರ ಸಮೀಕ್ಷೆಯ ಪ್ರಕಾರ ಅವರಲ್ಲಿ ಶೇ 47 ಮಂದಿ ಟ್ರಂಪ್ ಅವರಿಗೂ ಶೇ 30 ಮಂದಿ ಕ್ಲಿಂಟನ್ ಅವರಿಗೂ ಮತ ಕೊಟ್ಟರು. ಇಡೀ ವ್ಯವಸ್ಥೆಯೇ ಮೋಸದ್ದು ಎಂದು ದಿನವೂ ಸಾರುವ ಅಭ್ಯರ್ಥಿಗೆ ಜನರ ಅಪನಂಬಿಕೆ ಕೈಗಂಟಾಗುತ್ತದೆ. ಆತನ ಮೇಲಿರುವ ಅಪನಂಬಿಕೆಯೂ 'ಎಲ್ಲರೂ ಅಷ್ಟೇ' ಎಂಬ ಮಾತಿನಲ್ಲಿ ಕರಗಿಹೋಗುತ್ತದೆ. ಇದು ಎಣಿಕೆಯ ಕೋಣೆಯವರೆಗೂ ಹೋಯಿತು. 2016ರ ಡಿಸೆಂಬರಿನಲ್ಲಿ ಮಿಶಿಗನ್ ಮರುಎಣಿಕೆ ಆರಂಭವಾಗಿ ನ್ಯಾಯಾಲಯದ ಆದೇಶದಿಂದ ನಿಂತಾಗ, ಡೆಟ್ರಾಯಿಟ್‌ನ ಅರ್ಧಕ್ಕೂ ಹೆಚ್ಚು ಮತಗಟ್ಟೆಗಳಲ್ಲಿ ಮತಪತ್ರಗಳ ಸಂಖ್ಯೆಗೂ ವಹಿಯ ಲೆಕ್ಕಕ್ಕೂ ತಾಳೆಯಾಗದಿದ್ದದ್ದು ಬೆಳಕಿಗೆ ಬಂತು. ಒಂದೆರಡು ಕಾಗದಗಳ ವ್ಯತ್ಯಾಸವೇ ಹೆಚ್ಚಾಗಿದ್ದ, ಕೈತಪ್ಪಿನ ಸಂಗತಿ ಅದು. ಆದರೆ 2020ರ ನವೆಂಬರಿನಲ್ಲಿ ಅದೇ ಡೆಟ್ರಾಯಿಟ್‌ನ ಎಣಿಕೆ ಕೇಂದ್ರದ ಗಾಜಿಗೆ ಕೈ ಬಡಿಯುತ್ತ, ಎಣಿಕೆ ನಿಲ್ಲಿಸಿ ಎಂದು ಟ್ರಂಪ್ ಬೆಂಬಲಿಗರು ಕೂಗಿದರು. ಡೆಮಾಕ್ರಟಿಕ್ ಪಕ್ಷದ ಜೋ ಬೈಡನ್ ಮಿಶಿಗನ್ ರಾಜ್ಯವನ್ನು ಗೆದ್ದದ್ದು ಸುಮಾರು 1.54 ಲಕ್ಷ ಮತಗಳಿಂದ. ರಿಪಬ್ಲಿಕನ್ನರದೇ ಬಹುಮತವಿದ್ದ ರಾಜ್ಯ ಸೆನೆಟ್ ಸಮಿತಿ ತಿಂಗಳುಗಟ್ಟಲೆ ವಿಚಾರಣೆ ನಡೆಸಿ, ವ್ಯಾಪಕ ಅಕ್ರಮಕ್ಕೆ ಪುರಾವೆಯಿಲ್ಲವೆಂದು 2021ರ ಜೂನ್‌ನಲ್ಲಿ ವರದಿ ಕೊಟ್ಟಿತು.

ಫ್ಲಿಂಟ್ ಸಭೆಯ ಬಾಟಲಿಯನ್ನೂ ಡೆಟ್ರಾಯಿಟ್‌ನ ಗಾಜಿನ ಮೇಲಿನ ಕೈಗಳನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು. ಎರಡರಲ್ಲೂ ಇದ್ದದ್ದು ಆಳುವವರ ಮಾತಿನ ಮೇಲಿನ ಅಪನಂಬಿಕೆಯೇ. ಬಾಟಲಿ ಹಿಡಿದವರು ಪರೀಕ್ಷೆ ಮಾಡಿ ಎಂದು ಕೇಳಿದರು. ಪರೀಕ್ಷೆ ಅವರ ಮಾತನ್ನು ನಿಜವಾಗಿಸಿತು. ಗಾಜು ಬಡಿದವರು ಎಣಿಸಬೇಡಿ ಎಂದರು. ಎಣಿಕೆಯೂ ವಿಚಾರಣೆಯೂ ಅವರ ಮಾತನ್ನು ಸುಳ್ಳಾಗಿಸಿದವು. ಮತದಾರರ ಅಪನಂಬಿಕೆಯನ್ನು ನಾನು ಗೌರವಿಸುವುದು ಅದು ಪರೀಕ್ಷೆಗೆ ಒಡ್ಡಿಕೊಳ್ಳಲು ಸಿದ್ಧವಿರುವಷ್ಟರ ಮಟ್ಟಿಗೆ.

ಮಿಶಿಗನ್ ಜನ ಖಾಲಿ ಗುರುತಿನಲ್ಲೇ ಉಳಿಯಲಿಲ್ಲ. 2024ರ ಫೆಬ್ರುವರಿಯಲ್ಲಿ, ಗಾಜಾ ಯುದ್ಧದ ಬಗ್ಗೆ ಬೈಡನ್ ಅವರ ನೀತಿಯನ್ನು ವಿರೋಧಿಸಿ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ 'ಯಾರಿಗೂ ಬದ್ಧರಲ್ಲ' ಎಂಬ ಗುರುತನ್ನು ಕಪ್ಪು ಮಾಡಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 2016ರ ಫಲಿತಾಂಶ ಬಂದ ಎರಡೇ ದಿನಕ್ಕೆ ಮೊದಲಾದ ಕೆಲಸ. ಮತಕ್ಷೇತ್ರಗಳ ಗಡಿಯನ್ನು ಅಲ್ಲಿ ಶಾಸಕರೇ ಎಳೆಯುತ್ತಿದ್ದರು. ತಮಗೆ ಬೇಕಾದ ಮತದಾರರನ್ನು ತಾವೇ ಆರಿಸಿಕೊಳ್ಳುತ್ತಿದ್ದರು ಎಂದರೂ ಸರಿಯೆ. ಕೇಟಿ ಫೇಹಿ ಎಂಬ ಯುವತಿ ಇದನ್ನು ಬದಲಿಸೋಣ, ಆಸಕ್ತರು ಬನ್ನಿ ಎಂದು ಫೇಸ್‌ಬುಕ್‌ನಲ್ಲಿ ಬರೆದಳು. ಬಂದ ಸ್ವಯಂಸೇವಕರು ಸಂತೆ, ಜಾತ್ರೆ, ರಸ್ತೆಬದಿಗಳಲ್ಲಿ ನಿಂತು ನಾಲ್ಕು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿದರು. 2018ರ ನವೆಂಬರಿನಲ್ಲಿ ಶೇ 61ರಷ್ಟು ಮತದಾರರು ರಾಜ್ಯ ಸಂವಿಧಾನದ ಆ ತಿದ್ದುಪಡಿಯನ್ನು ಒಪ್ಪಿದರು.

ಆ ತಿದ್ದುಪಡಿಯ ಸಾಲುಗಳಲ್ಲಿ ಅಪನಂಬಿಕೆಯೇ ನಿಯಮವಾಗಿ ಬರೆಯಲ್ಪಟ್ಟಿದೆ. ಗಡಿ ಎಳೆಯುವ ಆಯೋಗದಲ್ಲಿ 13 ಸಾಮಾನ್ಯ ನಾಗರಿಕರಿರಬೇಕು: ಎರಡು ಪಕ್ಷಗಳ ಕಡೆಯವರು ನಾಲ್ಕು ನಾಲ್ಕು ಜನ, ಯಾವ ಪಕ್ಷಕ್ಕೂ ಸೇರದವರು ಐದು ಜನ. ಹಿಂದಿನ ಆರು ವರ್ಷಗಳಲ್ಲಿ ಪಕ್ಷದ ಹುರಿಯಾಳಾಗಿ ನಿಂತವರು ಅಥವಾ ಅಂಥ ಅಧಿಕಾರದಲ್ಲಿದ್ದವರು ಅರ್ಜಿ ಹಾಕುವಂತಿಲ್ಲ. 2020ರ ಆಗಸ್ಟಿನಲ್ಲಿ, ಬಂದಿದ್ದ ಸಾವಿರಾರು ಅರ್ಜಿಗಳನ್ನು ಸೋಸಿ ಉಳಿದವರೊಳಗಿಂದ ಲಾಟರಿ ಎತ್ತಿ ಹದಿಮೂರು ಜನರನ್ನು ಆರಿಸಿದರು.

ಆ ಆಯೋಗ ಎಳೆದ ಗಡಿಗಳನ್ನೂ ಡೆಟ್ರಾಯಿಟ್‌ನ ಕಪ್ಪು ಮತದಾರರು ಕಣ್ಣುಮುಚ್ಚಿ ಒಪ್ಪಲಿಲ್ಲ. ತಮ್ಮ ಕ್ಷೇತ್ರಗಳನ್ನು ಜನಾಂಗದ ಲೆಕ್ಕದಲ್ಲಿ ಸೀಳಿ ಹೊರವಲಯದ ಊರುಗಳಿಗೆ ಅಂಟಿಸಲಾಗಿದೆ ಎಂದು ಅವರು ದಾಖಲೆಗಳೊಂದಿಗೆ ಫೆಡರಲ್ ನ್ಯಾಯಾಲಯಕ್ಕೆ ಹೋದರು. 2023ರ ಡಿಸೆಂಬರಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಅವರ ವಾದವನ್ನು ಒಪ್ಪಿ, ಡೆಟ್ರಾಯಿಟ್ ಭಾಗದ 13 ಕ್ಷೇತ್ರಗಳ ಗಡಿಗಳನ್ನು ರದ್ದುಗೊಳಿಸಿತು. 2024ರ ನವೆಂಬರಿನಲ್ಲಿ ಅಲ್ಲಿನವರು ರಾಜ್ಯದ ಕೆಳಮನೆಗೆ ಮತ ಹಾಕಿದ್ದು ಹೊಸದಾಗಿ ಎಳೆದ ಗಡಿಗಳೊಳಗೆ.

ನಮಸ್ಕಾರ.